ಮಾನಪ್ಪನ ಎಡಗಾಲು

ಕಾರ್ತಿಕ ಕಳೆದು ಚಳಿ ಗಟ್ಟಿಯಾದ ಹೊತ್ತಿನಲ್ಲಿ ನಿಂಬೆಗೆ ಹೆಸರಾದ ಇಂಡಿ ಪಟ್ಟಣದ ಒಂದು ಹೊಸ ಬಡಾವಣೆಯ ಸಭಾಭವನದಲ್ಲಿ ಬೆಳಗಿನ ಆರೋಗ್ಯ ವರ್ಗ ಶುರುವಾಯಿತು. ಆರು ಗಂಟೆಗೆ ಬರಬೇಕು, ಚಾಪೆ ತಾವೇ ತರಬೇಕು, ಹೊಟ್ಟೆ ಖಾಲಿ ಇರಬೇಕು. ಕಲಿಸುವವಳು ಸುಮೇಧಾ. ಸೊಲ್ಲಾಪುರದ ಕಡೆಯಿಂದ ಮದುವೆಯಾಗಿ ಬಂದವಳು; ಬೆನ್ನು, ಕೀಲು, ನರಗಳನ್ನು ಕೈಯಿಂದ ಒತ್ತಿ ಸಡಿಲಿಸುವ ವಿದ್ಯೆಯನ್ನು ಪುಣೆಯಲ್ಲಿ ಕಲಿತವಳು. ಮಾತು ಕಡಿಮೆ. ಹೇಳಿದ್ದನ್ನೇ ಮೆತ್ತಗೆ ಎರಡು ಸಲ ಹೇಳುತ್ತಿದ್ದಳು. ಎರಡನೆಯ ಸಲಕ್ಕೆ ಕೇಳುವವರ ಭುಜಗಳು ತಾವಾಗಿಯೇ ಇಳಿದಿರುತ್ತಿದ್ದವು.

ಮೊದಲ ದಿನ ಮಾತ್ರ ಅವಳು ಒಂದು ತಪ್ಪು ಮಾಡಿದಳು. "ಎಲ್ಲಾರೂ ನಿಮ್ಮ ಹೆಸರು ಹೇಳ್ರಿ, ನಿಮ್ಮ ದೇಹದ ಬಗ್ಗೆ ಒಂದು ಮಾತು ಹೇಳ್ರಿ" ಎಂದಳು. ಪುಣೆಯಲ್ಲಿ ಇದಕ್ಕೆ ಐದು ನಿಮಿಷ ಸಾಕಾಗುತ್ತಿತ್ತಂತೆ. ಇಂಡಿಯಲ್ಲಿ ಒಂದೂವರೆ ಗಂಟೆ ಹಿಡಿಯಿತು. ಅಂದು ವ್ಯಾಯಾಮವೇ ಆಗಲಿಲ್ಲ.

ಬಡಾವಣೆಯ ಸಂಘದ ಅಧ್ಯಕ್ಷ ಧರ್ಮರಾಜ ಸಾಹೇಬರು ಕಂದಾಯ ಇಲಾಖೆಯಿಂದ ನಿವೃತ್ತರಾದವರು. ಅವರು ಎದ್ದು ನಿಂತು ತಮ್ಮ ಸಕ್ಕರೆಯ ಅಂಕಿಯನ್ನು ಹೊಲದ ಸರ್ವೆ ನಂಬರಿನಂತೆ ಗಂಭೀರವಾಗಿ ಹೇಳಿದರು. "ಉಪವಾಸ ಇದ್ದಾಗ ಎರಡನೂರಾ ಎಂಬತ್ತು. ಉಂಡ ಮ್ಯಾಲಿಂದು ಕೇಳಬ್ಯಾಡ್ರಿ." ಸಭೆ ಗೌರವದಿಂದ ತಲೆದೂಗಿತು. ಅರವತ್ತೆಂಟರ ಇಂದೂಬಾಯಿಯವರು ಎರಡು ಮೊಣಕಾಲು, ಒಂದು ಥೈರಾಯ್ಡು, ಮತ್ತು ಮೂವರು ಡಾಕ್ಟರರಿಗೂ ಹೆಸರಿಡಲಾಗದ ಒಂದು ವಾಯು, ಇಷ್ಟನ್ನು ಸಾವಕಾಶವಾಗಿ ನಿವೇದಿಸಿದರು. ಸಭೆ ಇನ್ನಷ್ಟು ತಲೆದೂಗಿತು. ನಲವತ್ತು ವರ್ಷ ಮಂದಿಯ ಮೈಗೆ ಎಣ್ಣೆ ತಿಕ್ಕಿದ ಮಾಲೀಸಿನ ಕಾಸಿಂಸಾಬ, ತನ್ನ ಬೆನ್ನಿಗೆ ತಿಕ್ಕುವವರು ಮಾತ್ರ ಈ ಜಿಲ್ಲೆಯಲ್ಲೇ ಇಲ್ಲ ಎಂದು ಹೇಳಿ ಕೆಲವರ ಕಣ್ಣಲ್ಲಿ ನೀರು ತರಿಸಿದ.

ಹೀಗೆ ಸರದಿ ಸುತ್ತುತ್ತ ಬಂದು ಮಾನಪ್ಪನ ಹತ್ತಿರ ನಿಂತಿತು.

ಮಾನಪ್ಪ ವಾಚನಾಲಯದ ಸಹಾಯಕ, ವಯಸ್ಸು ಐವತ್ತೊಂದು. ಬೇರೆಯವರು ಓದುವಾಗ ಸುಮ್ಮನೆ ಕೂರುವುದು ಅವನ ನೌಕರಿ. ಬೇರೆಯವರು ಹಾಡುವಾಗ ಸುಮ್ಮನೆ ಕೇಳುವುದು ಅವನ ಭಕ್ತಿ. ಎಲ್ಲಿ ಪುರಾಣ ನಡೆದರೂ ಹಿಂದಿನ ಕಂಬ ಅವನದು. ಚಿಕ್ಕಂದಿನಿಂದ ಪದ್ಯ ಕೇಳಿಯೇ ಬೆಳೆದವನಾದ್ದರಿಂದ, ಯಾರಾದರೂ ರಾಗವಾಗಿ ಬಸ್ಸಿನ ವೇಳಾಪಟ್ಟಿ ಓದಿದರೂ ಅವನ ಕಣ್ಣುಗಳು ಅರೆಮುಚ್ಚುತ್ತಿದ್ದವು. ಆದರೆ ಅವನ ದೇಹದಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದು ಏನೂ ಇರಲಿಲ್ಲ.

"ನನ್ನ ಹೆಸರು ಮಾನಪ್ಪ ಅಂತ್ರಿ" ಎಂದು ಹೇಳಿ ನಿಂತುಕೊಂಡ.

"ಶುಗರ್ ಅದ ಏನು?" ಇಂದೂಬಾಯಿ ಸಹಾಯಕ್ಕೆ ಬಂದರು.

"ಇಲ್ರಿ ಬಾಯಾರ."

"ಬೀಪಿ?"

"ಇಲ್ರಿ."

"ಮೊಣಕಾಲು?"

"ಅದಾವ್ರಿ. ನೋವಿಲ್ರಿ."

ಸಭೆಯಲ್ಲಿ ಒಂದು ಕನಿಕರದ ನಿಟ್ಟುಸಿರು ಹಾಯಿತು. ಧರ್ಮರಾಜ ಸಾಹೇಬರು ಪಕ್ಕದವರ ಕಿವಿಯಲ್ಲಿ, "ಪಾಪ, ಏನೂ ಇಲ್ಲಂತ" ಎಂದರು. ಆಗ ಮಾನಪ್ಪನ ಬಾಯಿಂದ ಒಂದು ಮಾತು ಹೊರಬಿತ್ತು. ಅದು ಎಲ್ಲಿಂದ ಬಂತೋ ಅವನಿಗೂ ತಿಳಿಯದು.

"ನಾ ಕಾಲು ಮುಂದಾಗಿ ಹುಟ್ಟಿದಾಂವ್ರಿ."

ಸಭೆಯ ಕಣ್ಣುಗಳೆಲ್ಲ ಅವನ ಪಾದಕ್ಕೆ ಇಳಿದವು. ನಮ್ಮ ಕಡೆ ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳಬೇಕು. ತಾಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲಾಗಿ ಬಂದವರ ಪಾದದಲ್ಲಿ ಒಂದು ಗುಣ ಇರುತ್ತದೆ. ಟೊಂಕ ಹಿಡಿದವರ ಬೆನ್ನಿಗೆ ಆ ಪಾದ ಮೂರು ಸಲ ಸೋಕಿದರೆ ಹಿಡಿದದ್ದು ಬಿಡುತ್ತದೆ. ಡಾಕ್ಟರರು ಇದನ್ನು ಕೇಳಿ ನಗುತ್ತಾರೆ. ಡಾಕ್ಟರರ ತಾಯಂದಿರು ನಗುವುದಿಲ್ಲ.

ಸುಮೇಧಾ ಒಬ್ಬಳೇ ಏನೂ ಆಗದವಳಂತೆ ಮುಂದಿನವರ ಕಡೆ ತಿರುಗಿದಳು. ಆದರೆ ಮುಂದಿನವರ ಹರ್ನಿಯಾದ ಕಥೆಯನ್ನು ಅಂದು ಯಾರೂ ಕಿವಿಗೊಟ್ಟು ಕೇಳಲಿಲ್ಲ.

ಮರುದಿನದಿಂದ ವರ್ಗ ಸರಿಯಾಗಿ ನಡೆಯಿತು. ಕೈ ಎತ್ತುವುದು, ಇಳಿಸುವುದು, ಕುತ್ತಿಗೆ ಹೊರಳಿಸುವುದು, ಒಬ್ಬರ ಭುಜವನ್ನು ಇನ್ನೊಬ್ಬರು ಒತ್ತುವುದು. ಮಾನಪ್ಪ ಇದನ್ನೆಲ್ಲ ಮಾಡುತ್ತಿದ್ದುದು ಕೊನೆಯ ಕಾಲು ಗಂಟೆಯ ಆಸೆಗೆ. ಆಗ ಎಲ್ಲರೂ ಅಂಗಾತ ಮಲಗುತ್ತಿದ್ದರು. ಸುಮೇಧಾ ಚಾಪೆಗಳ ನಡುವೆ ಬರಿಗಾಲಲ್ಲಿ ನಡೆಯುತ್ತ, "ಹಿಮ್ಮಡ ಬಿಡ್ರಿ... ಮೊಣಕಾಲು ಬಿಡ್ರಿ... ದವಡಿ ಬಿಡ್ರಿ" ಎನ್ನುತ್ತಿದ್ದಳು. ಒಂದೊಂದೇ ಅಂಗ ಅವನಿಂದ ಬಿಟ್ಟು ಹೋಗುತ್ತಿತ್ತು. ಕಾಲು ಎಲ್ಲೋ ನಿಂಬೆಯ ತೋಟದಾಚೆ, ಕೈ ಎಲ್ಲೋ ಬಿಳಿಜೋಳದ ತೆನೆಗಳ ಮೇಲೆ. ಮಂಜು ಕಿಟಕಿಯಿಂದ ಒಳಗೆ ಬಂದು ಹೊದಿಸಿದಂತಾಗುತ್ತಿತ್ತು. ಪುರಾಣದಲ್ಲಿ ಕೇಳಿದ ಶೂನ್ಯ, ಬಯಲು ಎಂಬ ದೊಡ್ಡ ಮಾತುಗಳೆಲ್ಲ ಬಾಡಿಗೆಗೆ ತಂದ ಶಾಮಿಯಾನದ ವಾಸನೆ ಬರುವ ಈ ಹಾಲಿನಲ್ಲೇ ಇದ್ದವೆಂದು ಐವತ್ತೊಂದು ವರ್ಷಕ್ಕೆ ಅವನಿಗೆ ಗೊತ್ತಾಯಿತು. ಎದ್ದ ಮೇಲೆ ತನ್ನ ಚಪ್ಪಲಿ ಯಾವುದೆಂದು ಹುಡುಕಲು ಅವನಿಗೆ ಐದು ನಿಮಿಷ ಬೇಕಾಗುತ್ತಿತ್ತು.

ನಾಲ್ಕನೆಯ ದಿನ ಇಂದೂಬಾಯಿಯವರು ಮಂಚದ ಕೆಳಗೆ ಉರುಳಿದ ನಿಂಬೆಹಣ್ಣು ತೆಗೆಯಲು ಬಗ್ಗಿದರು. ಬಗ್ಗಿದವರು ಹಾಗೆಯೇ ಉಳಿದರು. ಸುಮೇಧಾ ಬಂದು ನೋಡಿ, "ನೆಲದ ಮ್ಯಾಲೆ ಬೋರಲ ಮಲಕೋರಿ, ಅರ್ಧಾ ತಾಸು ಸುಮ್ಮನ ಉಸಿರಾಡ್ರಿ, ಮಾತಾಡಬ್ಯಾಡ್ರಿ" ಎಂದಳು. ಇಂದೂಬಾಯಿಯವರು ಅರ್ಧ ತಾಸು ಸುಮ್ಮನಿದ್ದ ದಾಖಲೆ ಆ ಮನೆಯಲ್ಲಿ ಇರಲಿಲ್ಲ. ಐದು ನಿಮಿಷಕ್ಕೇ ಎದ್ದು ಕುಳಿತು, "ಇದೇನ ಔಷಧ, ಸುಮ್ಮನ ಮಲಗೂದು?" ಎಂದರು.

ಮಧ್ಯಾಹ್ನ ಅವರ ಯಜಮಾನರು ರಾಘವೇಂದ್ರರಾಯರು ವಾಚನಾಲಯಕ್ಕೆ ಬಂದರು. ವಾಚನಾಲಯವಾದ್ದರಿಂದ ಪಿಸುಮಾತಿನಲ್ಲಿ ಕೇಳಿದರು.

"ಮಾನಪ್ಪನವರ, ನಿಮ್ಮ ಕಾಲು ಬೇಕಾಗಿತ್ತು."

"ಯಾವಾಗ್ರಿ?"

"ನಾಳೆ ಸೂರ್ಯ ಹುಟ್ಟೂದ್ರೊಳಗ. ಮುಖ ತೊಳೀಬಾರದಂತ. ಎಡಗಾಲು ಇಡಬೇಕಂತ. ಸೂರ್ಯ ಕಾಣೂ ತನಕ ಇಟ್ಟವರೂ ಇಡಿಸಿಕೊಂಡವರೂ ತುಟಿ ಬಿಚ್ಚಬಾರದಂತ. ಆಕಿ ಎಲ್ಲಾ ಬಲ್ಲಳು."

ತಾನು ಅಂದು ಹೇಳಿದ್ದು ಸುಳ್ಳೆಂದು ಹೇಳಲು ಮಾನಪ್ಪ ಬಾಯಿ ತೆರೆದ. ಓದುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ವಾಚನಾಲಯದಲ್ಲಿ ಮಾತಾಡಬಾರದೆಂಬ ಫಲಕವನ್ನು ಅವನೇ ಬರೆದು ತೂಗುಹಾಕಿದ್ದ. ಬಾಯಿ ಮುಚ್ಚಿಕೊಂಡ.

ಮರುದಿನ ನಸುಕಿನಲ್ಲಿ ಅವನು ರಾಯರ ಮನೆಯ ಮುಂದೆ ನಿಂತ. ಅವನ ಅಪ್ಪ ಮೂವತ್ತು ವರ್ಷ ಆ ಮನೆಯ ಹಿತ್ತಲಿಗೆ ದನದ ಮೇವಿನ ಕಣಿಕಿ ಹೊರೆ ತಂದು ಹಾಕಿದವನು. ನಡುಮನೆ ಹೇಗಿದೆಯೆಂದು ಅವನ ಮನೆತನದಲ್ಲಿ ಯಾರೂ ಕಂಡವರಲ್ಲ. ಮಾತಾಡುವ ಹಾಗಿಲ್ಲವಾದ್ದರಿಂದ ರಾಯರು ಬಾ ಎಂದು ಕೈಮಾಡಿದರು. ಮಾನಪ್ಪ ನಿಂತೇ ಇದ್ದ. ರಾಯರು ಇನ್ನೊಮ್ಮೆ ಕೈಮಾಡಿದರು. ಮೂರನೆಯ ಸಲ ರಟ್ಟೆ ಹಿಡಿದು ಎಳೆದರು. ಹೊಸ್ತಿಲು ದಾಟಿ ಮೊದಲು ಒಳಗೆ ಬಿದ್ದದ್ದು ಎಡಗಾಲೇ.

ಇಂದೂಬಾಯಿಯವರು ಜಮಖಾನೆಯ ಮೇಲೆ ಬೋರಲು ಮಲಗಿದ್ದರು. ಮಾನಪ್ಪ ಮೊದಲು ಅವರ ಬೆನ್ನಿಗೆ ಕೈಮುಗಿದ. ಆಮೇಲೆ ಕಣ್ಣು ಮುಚ್ಚಿ, ಹಾಲು ಬಿಸಿಯಿದೆಯೋ ಎಂದು ನೋಡುವವನಂತೆ, ಹೆಬ್ಬೆರಳ ತುದಿಯನ್ನು ಮೂರು ಸಲ ಸೋಕಿಸಿ ಹಿಂದೆ ತೆಗೆದ. ಅವರು ಅಲುಗಲಿಲ್ಲ. ಮಾತಾಡುವಂತಿಲ್ಲ, ಸೂರ್ಯ ಬರುವ ತನಕ ಏಳುವಂತಿಲ್ಲ. ಉಸಿರು ದೀರ್ಘವಾಗಿ ಬರತೊಡಗಿತು, ನಿದ್ದೆ ಹತ್ತಿತು. ಅರ್ಧ ತಾಸಿನ ಮೇಲೆ ಬಿಸಿಲು ತುಲಸಿಕಟ್ಟೆಗೆ ಬಿದ್ದಾಗ ಎದ್ದು, ನೆಟ್ಟಗೆ ನಡೆದು, ಒಲೆ ಹೊತ್ತಿಸಿದರು. ಮಾನಪ್ಪನಿಗೆ ಮನೆಯವರು ಕುಡಿಯುವ ಲೋಟದಲ್ಲೇ ಚಹಾ ಬಂತು.

"ನೋಡ್ರಿ" ಎಂದು ಇಂದೂಬಾಯಿ ಗಂಡನಿಗೆ ಹೇಳಿದರು, "ಆ ಹುಡುಗಿ ಸುಮ್ಮನ ಮಲಗು ಅಂದ್ಲು. ಅದರಿಂದ ಆಗ್ತದ ಏನು? ಗುಣ ಇರೂದು ಕಾಲಿನ್ಯಾಗ."

ಇಂದೂಬಾಯಿಯವರಿಗೆ ಗೊತ್ತಾದ ಸಂಗತಿ ಇಂಡಿಗೆ ಗೊತ್ತಾಗಲು ಒಂದು ಬೆಳಗು ಸಾಕು. ಮರುದಿನ ಮಾನಪ್ಪನ ಅಂಗಳದಲ್ಲಿ ನಾಲ್ವರು ಬೋರಲು ಮಲಗಿದ್ದರು. ಅದರ ಮರುದಿನ ಹನ್ನೊಂದು. ವಾರ ತುಂಬುವುದರೊಳಗೆ ಸಿಂದಗಿಯ ಮೊದಲ ಬಸ್ಸಿಗೆ, ಮುದ್ದೇಬಿಹಾಳದಿಂದ ಬಾಡಿಗೆ ಜೀಪಿಗೆ ಟೊಂಕಗಳು ಬರತೊಡಗಿದವು. ಸಾಲು ಅಂಗಳದಿಂದ ಓಣಿಗೆ ಇಳಿಯಿತು.

ಆ ನೋಟವನ್ನು ಕಂಡವರು ಮರೆಯಲಾರರು. ಮಂಜಿನಲ್ಲಿ ಉದ್ದಕ್ಕೆ ಚಾಪೆಗಳು. ಚಾಪೆಗಳ ಮೇಲೆ ಶಾಲು ಹೊದ್ದ ಬೆನ್ನುಗಳು, ಹುಣ್ಣಿಮೆಗೆ ದಡಕ್ಕೆ ಬಂದು ಮಲಗಿದ ಆಮೆಗಳ ಹಾಗೆ. ಒಂದು ಕೆಮ್ಮಿಲ್ಲ, ಒಂದು ಮಾತಿಲ್ಲ. ಹಾಲು ಮಾರುವವನೂ ಗಂಟೆ ಬಾರಿಸದೆ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ನಡುವೆ ಮುಖ ತೊಳೆಯದ ಮಾನಪ್ಪ ಅರೆನಿದ್ದೆಯಲ್ಲಿ ತೇಲುತ್ತ ಬರುತ್ತಿದ್ದ: ಕೈಮುಗಿಯುವುದು, ಕಾಲು ಎತ್ತುವುದು, ಮೂರು ಸಲ ಸೋಕಿಸುವುದು, ಮುಂದಿನ ಬೆನ್ನು. ಬಿಸಿಲು ಬಂದಾಗ ಎಲ್ಲರೂ ಒಮ್ಮೆಲೇ ಎದ್ದು, ಹಗುರಾಗಿ, ಅವನ ಕಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟು ಹೋಗುತ್ತಿದ್ದರು. ಇಂಡಿಯಲ್ಲಿ ಕೃತಜ್ಞತೆಗೆ ಬೇರೆ ಹಣ್ಣಿಲ್ಲ.

ಮಾನಪ್ಪನ ಹೆಂಡತಿ ಕೋಮಲಾ ಉಪ್ಪಿನಕಾಯಿ ಹಾಕಿದಳು, ಶರಬತ್ತು ಮಾಡಿದಳು, ಕೊನೆಗೆ ಹಂಡೆ ಬಿಂದಿಗೆಗಳನ್ನೆಲ್ಲ ನಿಂಬೆಯಿಂದಲೇ ಬೆಳಗಿದಳು. ಅವಳ ಕೋಪ ಬೇರೆಯೇ ಇತ್ತು.

"ಇಪ್ಪತ್ತಾರು ವರ್ಷ ಸಂಸಾರ ಮಾಡೇನಿ. ಈ ಕಾಲಿನಾಗ ಇಂಥಾದ್ದು ಐತಿ ಅಂತ ನನಗೊಂದು ಮಾತು ಹೇಳಲಿಲ್ಲಲ್ರಿ."

"ಇಲ್ಲ ಕೋಮಲಾ, ಕೇಳಿಲ್ಲೆ, ಇದು ಎಲ್ಲಾ ಸುಳ್ಳು..."

"ಸುಳ್ಳಂತ ಸುಳ್ಳು. ನನ್ನ ಟೊಂಕಕ್ಕ ಇಡಬೇಕಾದೀತು ಅಂತ ಮುಚ್ಚಿಟ್ಟೀರಿ. ಹೊರಗಿನ ಮಂದಿಗೆ ಮೂರು ಸಲ, ಮನಿ ಹೆಣ್ಣಮಗಳಿಗೆ ಒಂದು ಸಲನೂ ಇಲ್ಲ."

ಕಾಸಿಂಸಾಬ ವಾಚನಾಲಯದ ಬಾಗಿಲಲ್ಲೇ ಅಡ್ಡ ನಿಂತ. "ನಲವತ್ತು ವರ್ಷ ಎಣ್ಣ್ಯಾಗ ಕೈ ಇಟ್ಟೇನಿ ಮಾನಪ್ಪಾ. ನೀ ಒಂದು ಕಾಲು ಎತ್ತಿ ಊರಾಗಿನ ಬೆನ್ನೆಲ್ಲಾ ನಿನ್ನ ಓಣಿಗೆ ಒಯ್ದಿ."

"ನಾ ಯಾರನ್ನೂ ಕರದಿಲ್ಲ ಚಾಚಾ."

"ಕರೀಲಾರದ ಬರ್ತಾರಲ್ಲ, ಅದಕ್ಕ ಹೊಟ್ಟಿ ಉರಿಯಾಕತ್ತೈತಿ."

ಮರುದಿನ ಸಾಲಿನಲ್ಲಿ ಒಬ್ಬ ಮುಖಕ್ಕೆ ಟವೆಲ್ ಸುತ್ತಿಕೊಂಡು ಮಲಗಿದ್ದ. ಎಣ್ಣೆಯ ವಾಸನೆಯಿಂದ ಮಾನಪ್ಪನಿಗೆ ಗುರುತು ಹತ್ತಿತು. ಆ ಬೆನ್ನಿಗೆ ತುಸು ಹೆಚ್ಚು ಹೊತ್ತು ಪಾದ ಇಟ್ಟ.

ಇಷ್ಟರಲ್ಲಿ ಆರು ಗಂಟೆಯ ವರ್ಗ ಏನಾಯಿತು? ಸೂರ್ಯ ಕಾಣುವ ತನಕ ಓಣಿಯಲ್ಲಿ ಮಲಗಿದವರು ಆರಕ್ಕೆ ಸಭಾಭವನದಲ್ಲಿ ಇರುವುದು ಯಾವ ಪುರಾಣದಲ್ಲೂ ಸಾಧ್ಯವಿಲ್ಲ. ನಲವತ್ತೈದು ಚಾಪೆ ಇಪ್ಪತ್ತಾಯಿತು, ಒಂಬತ್ತಾಯಿತು. ಕೊನೆಗೆ ಸುಮೇಧಾಳೂ ಗುಡಿಸುವ ಹೆಣ್ಣುಮಗಳೂ ಇಬ್ಬರೇ ಉಳಿದು, ಆ ಹೆಣ್ಣುಮಗಳು ಕಸಬರಿಗೆ ಹಿಡಿದೇ ಕೈ ಎತ್ತಿ ಇಳಿಸುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಮಾನಪ್ಪ. ಅವನ ಕಾಲು ಗಂಟೆ ಹೋಯಿತು. ಹಿಮ್ಮಡ ಬಿಡಿ ಎನ್ನುವವರಿಲ್ಲ. ಅವನ ಹಿಮ್ಮಡವನ್ನು ಈಗ ಬಿಡುವವರೇ ಇಲ್ಲ.

ಒಂದು ಶುಕ್ರವಾರ ಧರ್ಮರಾಜ ಸಾಹೇಬರು ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ಸಭಾಭವನಕ್ಕೆ ಬಂದು ಸುಮೇಧಾಳಿಗೆ ಹೇಳಿದರು. ಅಂದು ವಾಚನಾಲಯಕ್ಕೆ ರಜೆ ಹಾಕಿ, ವರ್ಗದಲ್ಲಿ ಬಿಟ್ಟುಬಂದಿದ್ದ ತನ್ನ ಚಾಪೆ ಹುಡುಕಿಕೊಂಡು ಹೋಗಿದ್ದ ಮಾನಪ್ಪ ಬಾಗಿಲ ಮರೆಯಲ್ಲಿ ನಿಂತು ಕೇಳಿದ.

"ಮೇಡಂ, ಸಂಘದ ನೇಮ ಐತಿ. ದಿನಾ ನಲವತ್ತು ಮಂದಿ ಬರ್ತಾರ ಅಂತ ಹಾಲ್ ಕೊಟ್ಟೇವಿ. ರವಿವಾರ ಮುಂಜಾನಿ ನಾನ ಬಂದು ತಲಿ ಎಣಸ್ತೇನಿ. ನಲವತ್ತಕ್ಕ ಒಂದು ಕಡಿಮಿ ಇದ್ರೂ ವರ್ಗ ಬಂದ್. ಖುರ್ಚಿ, ಶಾಮಿಯಾನಾ, ಮೈಕು ಇಡಾಕ ಜಾಗ ಬೇಕಾಗೇತಿ."

"ಆಗಲಿ ಸರ್" ಎಂದಳು ಸುಮೇಧಾ. ತುಸು ಬಿಟ್ಟು ಮತ್ತೆ ಮೆತ್ತಗೆ, "ಆಗಲಿ ಸರ್" ಎಂದಳು. ಸಾಹೇಬರ ಭುಜಗಳು ಇಳಿದವು. ನಿಯಮ ಇಳಿಯಲಿಲ್ಲ. ಇಷ್ಟು ದಿನ ತಾವು ಬೆಳಗಿನ ಹೊತ್ತು ಎಲ್ಲಿದ್ದಿರಿ ಎಂದು ಅವರನ್ನು ಕೇಳುವವರಿರಲಿಲ್ಲ. ಕೇಳಬೇಕಾದವರೆಲ್ಲ ಅವರ ಪಕ್ಕದ ಚಾಪೆಯಲ್ಲೇ ಮಲಗಿರುತ್ತಿದ್ದರು.

ಮಾನಪ್ಪ ನಿಶ್ಚಯ ಮಾಡಿದ. ತನ್ನ ಒಂದು ಮಾತಿನಿಂದ ಮುಚ್ಚುತ್ತಿರುವ ವರ್ಗವನ್ನು ತನ್ನದೇ ಇನ್ನೊಂದು ಮಾತಿನಿಂದ ತೆರೆಯಬೇಕು. ಶನಿವಾರ ಬೆಳಿಗ್ಗೆ ಓಣಿಯ ನಡುವೆ ನಿಂತು, "ಕೇಳ್ರಿ, ನಾ ಕಾಲು ಮುಂದಾಗಿ..." ಎಂದು ಶುರುಮಾಡಿದ. ಐವತ್ತು ಬೋರಲು ಮೋರೆಗಳು ಒಮ್ಮೆಲೇ ಮೇಲೆದ್ದು ತುಟಿಯ ಮೇಲೆ ಬೆರಳಿಟ್ಟವು. ಮಾತಾಡಿದರೆ ಆ ದಿನದ ಗುಣ ಕೆಡುತ್ತದೆ. ಮುದ್ದೇಬಿಹಾಳದಿಂದ ಬಂದವರು ಮತ್ತೊಮ್ಮೆ ಬರಬೇಕಾಗುತ್ತದೆ. ಅವರ ಕಣ್ಣಲ್ಲಿ ಎಂಥ ಬೇಡಿಕೆ ಇತ್ತೆಂದರೆ ಮಾನಪ್ಪ ಮಾತು ನುಂಗಿ ಕಾಲು ಎತ್ತಿದ.

ಬಿಸಿಲು ಬಂದ ಮೇಲೆ ವಾಚನಾಲಯದ ಫಲಕದಲ್ಲಿ ಸುಣ್ಣದಕಡ್ಡಿಯಿಂದ ದೊಡ್ಡದಾಗಿ ಬರೆದ: "ಮಾನಪ್ಪನು ಎಲ್ಲರಂತೆ ತಲೆ ಮುಂದಾಗಿ ಹುಟ್ಟಿದವನು. ಅವನ ಕಾಲಿನಲ್ಲಿ ಏನೂ ಇಲ್ಲ. ಸಾರ್ವಜನಿಕರು ಸಹಕರಿಸಬೇಕು." ಜನ ನಿಂತು ಓದಿದರು. ಪುರಾಣ ಕೇಳಿ ಪಳಗಿದ ಊರು ಅದು. ದೊಡ್ಡವರು ತಮ್ಮ ದೊಡ್ಡತನವನ್ನು ಒಪ್ಪಿಕೊಳ್ಳುವುದಿಲ್ಲ ಎಂಬುದು ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

"ನೋಡ್ರಿ, 'ಎಲ್ಲರಂತೆ' ಅಂತ ಬರದಾನ" ಎಂದರು ರಾಘವೇಂದ್ರರಾಯರು, ಕನ್ನಡಕ ತೆಗೆದು ಒರೆಸುತ್ತ. "ಇಷ್ಟು ಸಣ್ಣಾಗಿ ಬಾಳಬೇಕು ಮನುಷ್ಯಾ."

ಕಾಸಿಂಸಾಬ ಫಲಕಕ್ಕೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡ.

ಇನ್ನು ಉಳಿದದ್ದು ಒಬ್ಬಳೇ ಸಾಕ್ಷಿ. ಮಾನಪ್ಪ ಮಸೂತಿ ಎಂಬ ಹಳ್ಳಿಗೆ ಫೋನ್ ಮಾಡಿದ. ಅವನ ತಾಯಿ ಗುಂಡವ್ವ ಅಲ್ಲಿ ತನ್ನ ತಮ್ಮನ ಮನೆಯಲ್ಲಿದ್ದಳು. ಎಪ್ಪತ್ತಾರು ವಯಸ್ಸು, ಧ್ವನಿ ಮಾತ್ರ ಮೂವತ್ತರದು. ಸಂಜೆಯ ಬಸ್ಸಿಗೆ ಬಂದು, ಕಟ್ಟೆಯ ಮೇಲಿನ ನಿಂಬೆರಾಶಿ ನೋಡಿ, ಎಲ್ಲ ಕೇಳಿ, "ನಾಳಿ ಹೇಳ್ತೇನಿ ತಗೋ, ಎಲ್ಲಾರ ಮುಂದ" ಎಂದು ರೊಟ್ಟಿ ತಿಂದು ಮಲಗಿದಳು.

ರವಿವಾರದ ನಸುಕು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸಾಲಿನ ಕೊನೆ ಕಾಣುತ್ತಿರಲಿಲ್ಲ. ಗುಂಡವ್ವ ಕಟ್ಟೆಯ ಮೇಲೆ ನಿಂತು ಸೆರಗು ಸಿಕ್ಕಿಸಿದಳು.

"ಯವ್ವಾ, ಯಪ್ಪಾ, ಕೇಳ್ರಿಲ್ಲೆ. ಇವನ್ನ ಹಡದಾಕಿ ನಾನು. ಮೊದಲು ಬಂದದ್ದು ತಲಿ. ಕುಂಬಳಕಾಯಿಯಂಥಾ ತಲಿ. ಆ ತಲಿ ಸಲುವಾಗಿ ಎರಡು ದಿನ ಒದ್ದಾಡೇನಿ. ಕಾಲು ಬಂದಾವ ಇಲ್ಲೋ ಅಂತ ನೋಡಾಕೂ ನನಗ ಎಚ್ಚರ ಇರಲಿಲ್ಲ."

ಎಲ್ಲ ಬೆರಳುಗಳೂ ತುಟಿಗೆ ಹೋದವು. ಇಂದೂಬಾಯಿಯವರು ಮಲಗಿದಲ್ಲಿಂದಲೇ ಕೈಜೋಡಿಸಿ ಬೇಡಿಕೊಂಡರು. ಸಿಂದಗಿಯಿಂದ ಬಂದ ಮುದುಕನೊಬ್ಬ ಪಕ್ಕದವನ ಅಂಗೈಯ ಮೇಲೆ ಬೆರಳಿಂದ ಬರೆದು ತೋರಿಸಿದ: ಆಕೆಗೆ ಎಚ್ಚರ ಇರಲಿಲ್ಲವಂತೆ. ಪಕ್ಕದವನು ಅರ್ಥವಾಗಿ ತಲೆಯಾಡಿಸಿದ. ಎಚ್ಚರವಿಲ್ಲದವಳ ಸಾಕ್ಷಿ ಸಾಲಿನುದ್ದಕ್ಕೂ ಅಂಗೈಯಿಂದ ಅಂಗೈಗೆ ಹೋಗಿ ಅಲ್ಲಿಯೇ ಬಿದ್ದುಹೋಯಿತು.

ಗುಂಡವ್ವ ಆ ನಿಶ್ಶಬ್ದದ ಸಾಲನ್ನು ಬಹಳ ಹೊತ್ತು ನೋಡಿದಳು. ಬಸ್ಸಿನಲ್ಲಿ ಮೂರು ತಾಸು ಕೂತು ಬಂದ ಬೆನ್ನು ಅವಳದು. ಕಟ್ಟೆಯಿಂದ ಇಳಿದು, ಒಂದು ಖಾಲಿ ಚಾಪೆ ನೋಡಿ, ಬೋರಲು ಮಲಗಿದಳು.

"ಇಡು."

ಮಾನಪ್ಪ ಬಗ್ಗಿ ಅವಳ ಕಿವಿಯಲ್ಲಿ ಉಸುರಿದ. "ಅವ್ವಾ, ಸುಳ್ಳಂತ ನಿನಗ ಗೊತ್ತೈತಿ."

"ಗೊತ್ತೈತಿ. ಊರಾಗಿನ ಮಂದಿಗೆಲ್ಲಾ ಸುಳ್ಳು ಇಟ್ಟಿ, ಹಡದಾಕಿಗೆ ಇಡಾಕ ಏನ ಧಾಡಿ? ಇಡು, ಮಾನ್ಯಾ."

ಮಾನಪ್ಪ ಕೈಮುಗಿದ. ಎಡಗಾಲು ಎತ್ತಿದ. ಎತ್ತಿದ ಕಾಲು ತಾಯಿಯ ಬೆನ್ನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಕೆಳಗೆ ಇಳಿಸಲು ಅವನು ಕೇಳಿದ ಯಾವ ಪುರಾಣವೂ ಬಿಡಲಿಲ್ಲ. ಹಿಂದೆ ತೆಗೆಯಲು ತಾಯಿಯ ಮಾತು ಬಿಡಲಿಲ್ಲ. ಕೊಕ್ಕರೆಯ ಹಾಗೆ ನಿಂತ. ಮಂಜು ಅವನ ಸುತ್ತ ನಿಧಾನವಾಗಿ ಹರಿಯಿತು. ತಾನೊಂದು ಕಲ್ಲಿನ ವಿಗ್ರಹವಾಗಿ, ಯಾರೋ ತನ್ನ ಸುತ್ತ ಗುಡಿ ಕಟ್ಟುತ್ತಿರುವಂತೆ ಅವನಿಗೆ ತೋರಿತು. ಆಗ ಮೂರು ವಾರ ಒಂದೇ ಕಾಲಿನ ಮೇಲೆ ನಿಂತ ಅವನ ಟೊಂಕದಲ್ಲಿ ಕಟ್ ಎಂದು ಸದ್ದಾಯಿತು. ಸಾಲಿನ ಕೊನೆಯವರಿಗೂ ಅದು ಕೇಳಿಸಿತು.

ಕಾಲು ಎತ್ತಿದಲ್ಲೇ ಉಳಿಯಿತು. ಮಾನಪ್ಪ ಬಲಕ್ಕೆ ವಾಲತೊಡಗಿದ.

ಐವತ್ತು ಅರವತ್ತು ಜನ ಮಾತಿಲ್ಲದೆ ಗಾಬರಿಯಾಗುವುದನ್ನು ನೀವು ನೋಡಿರಲಿಕ್ಕಿಲ್ಲ. 'ಹಿಡೀರಿ' ಎನ್ನಬೇಕಾದವರು ಕೈ ಬೀಸಿದರು, 'ನೀರು' ಎನ್ನಬೇಕಾದವರು ಬಾಯಿಗೆ ಬೊಗಸೆ ಹಿಡಿದರು. ಕಾಸಿಂಸಾಬ ಹಾರಿ ಬಂದು ಅವನನ್ನು ತಬ್ಬಿ ನಿಲ್ಲಿಸಿ, ಎಣ್ಣೆ ತರಲು ಸನ್ನೆ ಮಾಡಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಲು ಮುಂದಾಗಿ ಹುಟ್ಟಿದವನಿಗೇ ಟೊಂಕ ಹಿಡಿದರೆ ಕಾಲು ಇಡುವವರು ಯಾರು? ನಿಯಮಕ್ಕೆ ಒಳಪಡದವಳು ಗುಂಡವ್ವ ಒಬ್ಬಳೇ.

"ನಿಂತು ಏನ ನೋಡತೀರಿ? ಆ ಕಲಿಸೂ ಹುಡುಗಿ ಎಲ್ಲಿ ಅದಾಳ, ಅಲ್ಲಿಗೆ ಒಯ್ರಿ."

ಹಗ್ಗದ ಹೊರಸು ಬಂತು. ಮಾನಪ್ಪನನ್ನು ಬೋರಲು ಮಲಗಿಸಿದರು. ಎಡಗಾಲು ಮಾತ್ರ ಮಡಿಚಿ ಆಕಾಶ ನೋಡುತ್ತಿತ್ತು. ನಾಲ್ವರು ಹೆಗಲು ಕೊಟ್ಟರು. ಚಾಪೆಗಳನ್ನು ಅಲ್ಲೇ ಬಿಟ್ಟು ಹೋಗಲು ಯಾರಿಗೂ ಮನಸ್ಸಾಗದೆ, ಎಲ್ಲರೂ ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಹಿಂದೆ ನಡೆದರು. ಮಂಜಿನಲ್ಲಿ ಮೆರವಣಿಗೆ ಸದ್ದಿಲ್ಲದೆ ತೇಲಿತು. ಬಾಗಿಲು ತೆರೆದು ನೋಡಿದ ಮನೆಯವರೂ ಏನೆಂದು ಕೇಳದೆ, ಕನಸೇ ಇರಬೇಕೆಂದು ಬಾಗಿಲು ಹಾಕಿಕೊಂಡರು.

ಸಭಾಭವನದಲ್ಲಿ ಧರ್ಮರಾಜ ಸಾಹೇಬರು ಹಾಜರಿ ಪುಸ್ತಕ ತೆರೆದು ಕುಳಿತಿದ್ದರು. ಅವರ ಮುಂದೆ ಸುಮೇಧಾ, ಕಸಬರಿಗೆಯ ಹೆಣ್ಣುಮಗಳು. ಎರಡು ಎಂದು ಬರೆಯಲು ಲೇಖನಿ ಕಾಗದಕ್ಕೆ ತಾಗಿತ್ತು. ಬಾಗಿಲು ತೆರೆಯಿತು.

"ಯಾರಿದು? ಏನಾತು?" ಎಂದರು ಸಾಹೇಬರು.

ಒಳಬಂದವರೆಲ್ಲ ತುಟಿಗೆ ಬೆರಳಿಟ್ಟರು.

"ಅಲ್ರೀ, ಇವರೆಲ್ಲಾ..."

ಇಂದೂಬಾಯಿಯವರು ಹತ್ತಿರ ಬಂದು ಸಾಹೇಬರ ಬಾಯಿಯನ್ನೇ ಕೈಯಿಂದ ಮುಚ್ಚಿದರು.

ಸುಮೇಧಾ ಮಾನಪ್ಪನನ್ನು ಚಾಪೆಯ ಮೇಲೆ ಇಳಿಸಿಕೊಂಡಳು. ಸುತ್ತ ಬೇಲಿಯಂತೆ ನಿಂತ ಜನರನ್ನು ನೋಡಿ, "ನಿಂತು ನೋಡಿದ್ರ ಅವರಿಗೆ ಗಾಳಿ ಬರೂದಿಲ್ಲ. ಹಾಸಿಕೊಂಡು ಮಲಕೋರಿ" ಎಂದಳು. ಸ್ವಲ್ಪ ಬಿಟ್ಟು, ಮೆತ್ತಗೆ, "ಮಲಕೋರಿ" ಎಂದಳು. ಚಾಪೆಗಳು ಬಿಚ್ಚಿಕೊಂಡವು. ಗೋಡೆಯಿಂದ ಗೋಡೆಗೆ ಬೆನ್ನುಗಳು ತುಂಬಿದವು. ಗುಂಡವ್ವನೂ ಮಗನ ಕಾಲ ಬಳಿ ಜಾಗ ಮಾಡಿಕೊಂಡಳು.

ಧರ್ಮರಾಜ ಸಾಹೇಬರು ಪಿಸುಗುಟ್ಟಿದರು. "ಮೇಡಂ, ಇವರು ವರ್ಗಕ್ಕ ಬಂದವರೋ, ಟೊಂಕಕ್ಕ ಬಂದವರೋ?"

"ಮಲಗಿದವರನ್ನ ಎಣಿಸ್ರಿ ಸರ್."

ಸಾಹೇಬರು ಎಣಿಸಿದರು. ಜೀವನವಿಡೀ ಸುಳ್ಳು ಅಂಕಿ ಬರೆಯದ ಮನುಷ್ಯ. ಅರವತ್ತೊಂದು ಎಂದು ಬರೆದು, ಪುಸ್ತಕ ಮುಚ್ಚಿ, ಬಾಗಿಲ ಬಳಿಯ ಬರಿ ನೆಲದ ಮೇಲೆ ತಾವೂ ಉರುಳಿಕೊಂಡರು. ಆಮೇಲೆ ನೆನಪಾಗಿ, ಮಲಗಿದಲ್ಲೇ ಪುಸ್ತಕ ತೆರೆದು ಅರವತ್ತೆರಡು ಮಾಡಿದರು.

ಸುಮೇಧಾ ಮಾನಪ್ಪನ ಬೆನ್ನಿನ ಪಕ್ಕ ಮೊಣಕಾಲೂರಿ ಎರಡೂ ಅಂಗೈ ಇಟ್ಟಳು. ಬಿಸಿಯಾದ, ಒಣಗಿದ ಅಂಗೈ. ಎಲ್ಲಿ ಹಿಡಿದಿದೆಯೆಂದು ಹುಡುಕಲಿಲ್ಲ. ಅದೇ ಅವಳ ಕೈಗೆ ಬಂದಂತಿತ್ತು. ಒತ್ತಿ ಕಾದಳು, ಒತ್ತಿ ಕಾದಳು. ಆಕಾಶ ನೋಡುತ್ತಿದ್ದ ಎಡಗಾಲು, ಸಂಜೆ ಗಿಡಕ್ಕೆ ಬರುವ ಹಕ್ಕಿಯ ಹಾಗೆ, ಗೊತ್ತಾಗದಂತೆ ಇಳಿದು ಚಾಪೆಗೆ ಬಂತು. ಹಿಮ್ಮಡ ಹೋಯಿತು. ಮೊಣಕಾಲು ಹೋಯಿತು. ಎಲ್ಲೋ ಬಿಳಿಜೋಳ ತೂಗಿತು. ಕಿಟಕಿಯಲ್ಲಿ ಮಂಜು ಕೆಂಪಾಗಿ, ಬಂಗಾರವಾಗಿ, ಸೂರ್ಯ ಕಾಣಿಸಿದ. ಈಗ ಯಾರು ಬೇಕಾದರೂ ಮಾತಾಡಬಹುದಿತ್ತು. ಯಾರೂ ಮಾತಾಡಲಿಲ್ಲ.

ಮಾನಪ್ಪನಿಗೆ ಇದೇ ಸಮಯವೆನಿಸಿತು. ದವಡೆ ಬಿಟ್ಟುಹೋಗುವ ಮೊದಲು ಹೇಳಿಬಿಡಬೇಕು.

"ಮೇಡಂ" ಎಂದ, ಚಾಪೆಯೊಳಗೆ ಮುಖವಿಟ್ಟು. "ತಪ್ಪಾಗೇತ್ರಿ. ನಾ ತಲಿ ಮುಂದಾಗಿ ಹುಟ್ಟಿದಾಂವ್ರಿ."

"ಗೊತ್ತದ ರೀ" ಎಂದಳು ಸುಮೇಧಾ, ಕೈ ನಿಲ್ಲಿಸದೆ. "ಮೊದಲನೇ ದಿನಾನ ಗೊತ್ತಾತು."

"ಹೆಂಗ್ರಿ?"

ಅವಳು ಬಗ್ಗಿ ಅವನಿಗಷ್ಟೇ ಕೇಳುವಂತೆ ಹೇಳಿದಳು. "ನಿಜವಾಗಿ ಹಂಗ ಹುಟ್ಟಿದವರು ಯಾರ ಮುಂದೂ ಹೇಳೂದಿಲ್ಲ. ನಾ ಇಷ್ಟು ಎತ್ತರ ಇದ್ದಾಗಿಂದ, ಯಾವ ಮದುವಿಗೆ ಹೋಗ್ಲಿ, ಮುಂಜಿಗೆ ಹೋಗ್ಲಿ, ಮಂದಿ ನನ್ನ ಕಾಲಿನ ಸಲುವಾಗಿ ಸಾಲಾಗಿ ಮಲಗಿರ್ತಿದ್ರು. ಒಂದು ದಿನಾನೂ ಬಿಸಿ ಊಟ ಉಂಡಿಲ್ಲ. ಅದಕ್ಕ ಕಾಲು ಬಿಟ್ಟು ಕೈಯಿಂದ ಮಾಡೂ ವಿದ್ಯಾ ಕಲತೆ." ಕೈ ಇನ್ನೊಮ್ಮೆ ಒತ್ತಿ ಕಾದಿತು. "ಯಾರಿಗೂ ಹೇಳಬ್ಯಾಡ್ರಿ."

ಮಾನಪ್ಪ ಕಣ್ಣು ತೆರೆದ. ಒಂದು ಗೇಣು ದೂರದಲ್ಲಿ, ಪಕ್ಕದ ಚಾಪೆಯ ಮೇಲೆ, ಇಂದೂಬಾಯಿಯವರ ಎರಡು ಕಣ್ಣುಗಳು ಪೂರ್ಣ ಎಚ್ಚರವಾಗಿದ್ದವು.

"ಏನಂದ್ಲೋ ಮಾನಪ್ಪಾ ಆಕಿ?"

"ಉಸಿರು ಬಿಡ್ರಿ ಅಂದ್ರು, ಬಾಯಾರ."

ಇಂದೂಬಾಯಿಯವರು ತುಸು ಯೋಚಿಸಿದರು. ಆಮೇಲೆ ಕಣ್ಣು ಮುಚ್ಚಿ, ಉದ್ದಕ್ಕೆ, ಬಿಟ್ಟರು.